ಅಳಿಸಿದ ಅಕ್ಷರಗಳು

2008ರ ಮಳೆಗಾಲದ ಒಂದು ಮಧ್ಯಾಹ್ನ, ಮಂಡ್ಯದ ನೂರಡಿ ರಸ್ತೆಯ ಪಕ್ಕದ ಅಡ್ಡರಸ್ತೆಯಲ್ಲಿದ್ದ ನನ್ನ ಕಂಪ್ಯೂಟರ್ ಅಂಗಡಿಗೆ ಒಬ್ಬರು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಸಿಪಿಯು ಇಟ್ಟುಕೊಂಡು ಬಂದರು. ಹನಿ ಬೀಳದಿರಲೆಂದು ಅದಕ್ಕೆ ಹಳೆಯ ದುಪ್ಪಟಿ ಸುತ್ತಿದ್ದರು. ಎರಡು ವರ್ಷದ ಹಿಂದೆ ನನ್ನಲ್ಲೇ ಜೋಡಿಸಿಕೊಂಡು ಹೋಗಿದ್ದ ಯಂತ್ರ ಅದು. ಕೆಟ್ಟಿರಬಹುದೆಂದು ಮೇಜಿನ ಮೇಲಿಟ್ಟು ವೈರು ಜೋಡಿಸಲು ಹೋದಾಗ ಅವರು ತಡೆದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು: “ಕೆಟ್ಟಿಲ್ಲ ಇವ್ರೇ. ಮಗಳು ಸೆಕೆಂಡ್ ಪಿಯುಸಿ. ರಾತ್ರಿ ಹನ್ನೊಂದಾದರೂ ಇದರ ಮುಂದೆ ಕೂತಿರ್ತಾಳೆ, ನಾವು ಹತ್ರ ಹೋದ್ರೆ ಟಕ್ಕಂತ ಮುಚ್ತಾಳೆ. ನಂಬಿಕೆ ಇಲ್ಲ ಅಂತಲ್ಲ, ಕಾಲ ಸರಿಯಿಲ್ಲ ನೋಡಿ. ಏನು ಮಾಡ್ತಾಳೆ ಅಂತ ನಮಗೆ ಗೊತ್ತಾಗೋ ಹಾಗೆ ಏನಾದ್ರೂ ಹಾಕ್ಕೊಡಿ. ಅವಳಿಗೆ ಮಾತ್ರ ಗೊತ್ತಾಗಬಾರದು.”

ನಾನು ಹಾಕಿಕೊಟ್ಟೆ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಗುಟ್ಟಾಗಿ ಬರೆದಿಡುವ, ಕೀಲಾಗರ್ ಎಂದು ಕರೆಯುವ ಒಂದು ಸಣ್ಣ ತಂತ್ರಾಂಶವನ್ನು ಅಂತರಜಾಲದಿಂದ ಇಳಿಸಿಕೊಂಡು, ಅದನ್ನು ಹಿಡಿದು ಕಿತ್ತೊಗೆಯಲು ಬಂದ ಆಂಟಿವೈರಸ್ಸನ್ನು ನಾನೇ ಕೈಯಾರೆ ಸುಮ್ಮನಿರಿಸಿ, ಪ್ರೋಗ್ರಾಂಗಳ ಪಟ್ಟಿಯಲ್ಲಾಗಲಿ ಪರದೆಯ ಮೂಲೆಯಲ್ಲಾಗಲಿ ಎಲ್ಲಿಯೂ ಅದರ ಗುರುತು ಕಾಣದಂತೆ ಮಾಡಿ, ದಿನಕ್ಕೊಮ್ಮೆ ಆ ಮಾಹಿತಿಯೆಲ್ಲ ತಂದೆಯ ಇಮೇಲಿಗೆ ಹೋಗುವಂತೆ ಹೊಂದಿಸಿದೆ. ಇಷ್ಟಕ್ಕೂ ಹತ್ತು ನಿಮಿಷ ಹಿಡಿಯಲಿಲ್ಲ. ಇನ್ನೂರು ರೂಪಾಯಿ ತೆಗೆದುಕೊಂಡೆ. ಅವರು ಮತ್ತೆ ದುಪ್ಪಟಿ ಸುತ್ತಿಕೊಂಡು ಹೊರಟರು.

ಆ ದಿನಗಳಲ್ಲಿ ನನ್ನ ಸಂಪಾದನೆಯ ದೊಡ್ಡ ಪಾಲು ಬರುತ್ತಿದ್ದುದು ಇದಕ್ಕೆ ನೇರ ವಿರುದ್ಧವಾದ ಕೆಲಸದಿಂದ. ಅಂತರಜಾಲದ ಸಂಪರ್ಕ ಹಾಕಿಸಿಕೊಂಡ ಪ್ರತಿ ಮನೆಯ ಯಂತ್ರವೂ ಕೆಲವು ತಿಂಗಳಲ್ಲೇ ನಿಧಾನವಾಗಿ, ಬ್ರೌಸರಿನ ತಲೆಯ ಮೇಲೆ ನಾಲ್ಕಾರು ಟೂಲ್‌ಬಾರುಗಳನ್ನು ಹೊತ್ತು, ಕರೆಯದಿದ್ದರೂ ಜಾಹೀರಾತುಗಳನ್ನು ತೆರೆಯುತ್ತ ಅಂಗಡಿಗೆ ಬರುತ್ತಿತ್ತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುತ್ತೇನೆಂದು ಬಂದು, ನಾವು ಯಾವ ಪುಟ ನೋಡುತ್ತೇವೆಂಬುದನ್ನು ಗಮನಿಸಿ ಜಾಹೀರಾತು ತೋರಿಸುತ್ತಿದ್ದ ‘ಗೇಟರ್’ ಇತ್ತು. ಪರದೆಯ ಮೇಲೆ ಕುಣಿದು ಮಾತನಾಡುತ್ತಿದ್ದ ನೇರಳೆ ಬಣ್ಣದ ಗೊರಿಲ್ಲಾ ‘ಬಾಂಜಿ ಬಡಿ’ ಇತ್ತು; ಮಕ್ಕಳು ಅದನ್ನು ಬಹಳ ಇಷ್ಟಪಡುತ್ತಿದ್ದರು, ಮತ್ತು ಆ ಮಕ್ಕಳ ವಿವರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಿದ್ದಕ್ಕಾಗಿಯೇ 2004ರಲ್ಲಿ ಅಮೆರಿಕದಲ್ಲಿ ಅದರ ಕಂಪನಿ 75 ಸಾವಿರ ಡಾಲರ್ ದಂಡ ತೆರಬೇಕಾಯಿತು. ಹೆಸರಾಂತ ಕಂಪನಿಗಳೂ ಹಿಂದೆ ಬಿದ್ದಿರಲಿಲ್ಲ. ಸೋನಿ ಬಿಎಂಜಿಯ ಹಾಡಿನ ಸಿ.ಡಿ.ಗಳು ಕಂಪ್ಯೂಟರಿಗೆ ಹಾಕಿದೊಡನೆ ತಮ್ಮನ್ನು ತಾವೇ ಬಚ್ಚಿಟ್ಟುಕೊಳ್ಳುವ ತಂತ್ರಾಂಶವನ್ನು ಒಳಗೆ ಸೇರಿಸುತ್ತಿದ್ದುದನ್ನು 2005ರ ಅಕ್ಟೋಬರಿನಲ್ಲಿ ಮಾರ್ಕ್ ರಸ್ಸಿನೋವಿಚ್ ಎಂಬ ತಜ್ಞ ಬಯಲಿಗೆಳೆದ ಮೇಲೆ ಆ ಕಂಪನಿ ಡಿಸ್ಕುಗಳನ್ನು ಹಿಂತೆಗೆದುಕೊಳ್ಳಬೇಕಾಗಿ ಬಂತು. ಸ್ಪೈಬಾಟ್, ಆ್ಯಡ್-ಅವೇರ್ ಮೊದಲಾದ ಉಚಿತ ಸಾಧನಗಳನ್ನು ಒಂದು ಸಿ.ಡಿ.ಗೆ ತುಂಬಿಕೊಂಡು ನಾನು ಇಂಥವನ್ನೆಲ್ಲ ಗುಡಿಸಿ ತೆಗೆಯುತ್ತಿದ್ದೆ. ಹಾಗಾಗಿ ಸ್ಪೈವೇರ್, ಅಂದರೆ ಯಂತ್ರದೊಳಗೆ ಅಡಗಿ ಬೇಹು ನಡೆಸುವ ತಂತ್ರಾಂಶ, ಎಲ್ಲೋ ದೂರದಲ್ಲಿ ಕುಳಿತ, ನಮ್ಮ ಮುಖ ಕಾಣದ ವ್ಯಾಪಾರಿಗಳು ಮಾಡುವ ಕೆಲಸವೆಂದೇ ನನ್ನ ತಿಳಿವಳಿಕೆಯಾಗಿತ್ತು. ಆ ಮಧ್ಯಾಹ್ನ ನಾನು ಮಾಡಿದ್ದೂ ಅದೇ ಕೆಲಸವೆಂದು ನನಗೆ ಅನಿಸಲೇ ಇಲ್ಲ. ಎದುರಿಗೆ ನಿಂತಿದ್ದವರು ಅವಳ ತಂದೆ, ಯಂತ್ರ ಅವರ ದುಡ್ಡಿನದು, ಉದ್ದೇಶ ಮಗಳ ಕ್ಷೇಮ. ಇದರಲ್ಲಿ ತಪ್ಪೇನು?

ಕೀಲಾಗರ್ ಕೆಲಸ ಮಾಡುವ ಬಗೆ ಬಹಳ ಸರಳ. ಕೀಲಿಮಣೆಯ ಮೇಲೆ ನಾವು ಒತ್ತಿದ ಕೀಲಿಯ ಸಂಕೇತ ಮೊದಲು ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂಗೆ ಹೋಗಿ, ಅಲ್ಲಿಂದ ನಾವು ಬರೆಯುತ್ತಿರುವ ತಂತ್ರಾಂಶಕ್ಕೆ ತಲುಪುತ್ತದೆ. ಈ ದಾರಿಯ ನಡುವೆ ನಿಂತು, ಹಾದುಹೋಗುವ ಪ್ರತಿಯೊಂದು ಸಂಕೇತವನ್ನೂ ಹೊತ್ತಿನ ಸಮೇತ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುವುದಷ್ಟೇ ಅದರ ಕೆಲಸ. ಬ್ಯಾಂಕಿನ ಪುಟದಲ್ಲಿ ಬೀಗದ ಚಿತ್ರವಿದ್ದರೂ, ಸಂದೇಶವನ್ನು ಬೇರಾರೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸಿ ಕಳುಹಿಸುತ್ತೇವೆಂದು ಆ್ಯಪ್‌ನವರು ಭರವಸೆ ಕೊಟ್ಟರೂ ಇದರ ಎದುರು ಅವು ನಿಷ್ಫಲ. ಗೂಢಲಿಪಿಯ ಕಾವಲು ಆರಂಭವಾಗುವುದು ಅಕ್ಷರ ಯಂತ್ರದಿಂದ ಹೊರಡುವಾಗ. ಕೀಲಾಗರ್ ಓದುವುದು ಅದಕ್ಕೂ ಮೊದಲು, ಬೆರಳ ತುದಿಯಲ್ಲಿ. ಕಂಪ್ಯೂಟರುಗಳು ಮನೆಗೆ ಬರುವುದಕ್ಕೂ ಹಿಂದೆಯೇ ಈ ಉಪಾಯ ಚಾಲ್ತಿಯಲ್ಲಿತ್ತು. ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಯಲ್ಲಿಯೂ ಲೆನಿನ್‌ಗ್ರಾಡಿನ ಕಾನ್ಸುಲ್ ಕಚೇರಿಯಲ್ಲಿಯೂ ಬಳಕೆಯಲ್ಲಿದ್ದ 16 ಐಬಿಎಂ ಸೆಲೆಕ್ಟ್ರಿಕ್ ಬೆರಳಚ್ಚು ಯಂತ್ರಗಳ ಲೋಹದ ಪಟ್ಟಿಯೊಳಗೆ ಸೋವಿಯತ್ ಬೇಹುಗಾರರು ಉಪಕರಣಗಳನ್ನು ಹುದುಗಿಸಿದ್ದು 1984ರಲ್ಲಿ ಪತ್ತೆಯಾಯಿತು. ಯಾವ ಅಕ್ಷರ ಒತ್ತಲಾಗಿದೆ ಎಂಬುದನ್ನು ಅವು ಯಂತ್ರದ ಒಳಭಾಗಗಳ ಚಲನೆಯಿಂದಲೇ ಗುರುತಿಸಿ ರೇಡಿಯೋ ಅಲೆಗಳ ಮೂಲಕ ಹೊರಗೆ ಕಳುಹಿಸುತ್ತಿದ್ದವು. ಕಾಗದವನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಬರೆಯುವ ಹೊತ್ತಿಗೇ ಅದನ್ನು ಓದಿ ಆಗಿರುತ್ತಿತ್ತು.

ಹತ್ತು ದಿನ ಕಳೆದ ಮೇಲೆ ಆ ತಂದೆ ಮತ್ತೆ ಬಂದರು. ಈ ಸಲ ಕೈಯಲ್ಲಿ ಮುದ್ರಿಸಿದ ಕಾಗದಗಳಿದ್ದವು. “ಇಂಗ್ಲಿಷಲ್ಲಿ ಹುಡುಕಿರೋದು ಅಷ್ಟಿಷ್ಟು ಅರ್ಥ ಆಗುತ್ತೆ, ಆದರೆ ಪುಟಗಟ್ಟಲೆ ಏನೋ ಗಜಿಬಿಜಿ ಬಂದಿದೆ. ಏನಾದ್ರೂ ಕೋಡ್ ವರ್ಡಾ ಇದು, ಸ್ವಲ್ಪ ನೋಡಿ” ಎಂದರು.

ಕೋಡ್ ಏನೂ ಆಗಿರಲಿಲ್ಲ. ಆ ಹುಡುಗಿ ಕನ್ನಡದಲ್ಲಿ ಬರೆದಿದ್ದಳು. ನಾನು ಮಾರುತ್ತಿದ್ದ ಪ್ರತಿ ಯಂತ್ರದಲ್ಲೂ ನುಡಿ ತಂತ್ರಾಂಶ ಹಾಕಿಕೊಡುತ್ತಿದ್ದೆ; ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಅವಳು ಅದರಲ್ಲಿ ದಿನಚರಿ ಬರೆಯುತ್ತಿದ್ದಳು. ಕೀಲಾಗರ್‌ಗೆ ಕನ್ನಡ ಗೊತ್ತಿಲ್ಲ, ಒತ್ತಿದ ಇಂಗ್ಲಿಷ್ ಕೀಲಿಗಳು ಮಾತ್ರ ಗೊತ್ತು. ಆ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬಳಸುತ್ತೇವೆ. ಹಾಗಾಗಿ ‘ನಮ್ಮ’ ಎಂದು ಬರೆದರೆ ಕಡತದಲ್ಲಿ ಮೂಡುವುದು ಎನ್, ಎಮ್, ಎಫ್, ಎಮ್. ‘ಅಪ್ಪ’ ಎಂದರೆ ಎ, ಪಿ, ಎಫ್, ಪಿ. ಬೇರೆಯವರಿಗೆ ಅದು ಗಜಿಬಿಜಿ. ಐದು ವರ್ಷ ಮದುವೆ ಕಾಗದ, ಕರಪತ್ರ, ನ್ಯಾಯಾಲಯದ ಅರ್ಜಿಗಳನ್ನು ಡಿಟಿಪಿ ಮಾಡಿದ್ದ ನನ್ನ ಬೆರಳುಗಳಿಗೆ ಅದು ತಾಯಿಭಾಷೆಯಷ್ಟೇ ಸಲೀಸು. ಕಾಗದದ ಮೇಲೆ ಕಣ್ಣಾಡಿಸುತ್ತಿದ್ದಂತೆ ಕೈಬೆರಳುಗಳು ಮೇಜಿನ ಅಂಚಿನ ಮೇಲೆ ತಾವಾಗಿಯೇ ಆಡಿ ಅಕ್ಷರಗಳನ್ನು ಕೂಡಿಸಿಕೊಡುತ್ತಿದ್ದವು.

ಟಿ, ಓ, ಎನ್, ಎಫ್, ಎನ್, ಯು. ಈ ಆರು ಕೀಲಿಗಳು ಮತ್ತೆ ಮತ್ತೆ ಬಂದಿದ್ದವು. ತೊನ್ನು.

ಕತ್ತಿನ ಹಿಂಭಾಗದಲ್ಲಿ ಎರಡು ಬಿಳಿ ಮಚ್ಚೆಗಳು ಕಾಣಿಸಿಕೊಂಡಿವೆ ಎಂದು ಅವಳು ಬರೆದುಕೊಂಡಿದ್ದಳು. ಜಡೆಯಿಂದ ಮರೆಮಾಡುತ್ತಿದ್ದಳು. ರಾತ್ರಿ ಹನ್ನೊಂದರವರೆಗೆ ಕುಳಿತು ಅಂತರಜಾಲದಲ್ಲಿ ಹುಡುಕುತ್ತಿದ್ದುದು ಅದನ್ನೇ: ಇದು ಹರಡುತ್ತದೆಯೇ, ಇನ್ನೊಬ್ಬರಿಗೆ ಅಂಟುತ್ತದೆಯೇ, ಮುಂದೆ ಮಕ್ಕಳಿಗೆ ಬರುತ್ತದೆಯೇ. ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ನಾಶವಾಗುವುದರಿಂದ ಬರುವಂಥದ್ದು, ಯಾರಿಗೂ ಅಂಟುವಂಥದ್ದಲ್ಲ. ಆದರೆ ನಮ್ಮ ಕಡೆ ಒಂದು ಮನೆಯಲ್ಲಿ ಹಾಗಂತೆ ಎಂದು ಸುದ್ದಿಯಾದರೆ ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿಕೊಂಡು ಬರುವವರು ಹೇಗೆ ಹಿಂಜರಿಯುತ್ತಾರೆಂಬುದನ್ನು ಹದಿನೇಳು ವರ್ಷದ ಹುಡುಗಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳಿಗೆ ಅಕ್ಕನಿದ್ದಳು, ಅಕ್ಕನಿಗೆ ಗಂಡು ನೋಡುತ್ತಿದ್ದರು.

ಇದೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಇಂದಿಗೂ ಕಾಡುವುದು ಒಂದು ಸಾಲು. ರಾತ್ರಿ 11 ಗಂಟೆ 14 ನಿಮಿಷಕ್ಕೆ ಅವಳು ‘ಅಪ್ಪ’ ಎಂದು ಬರೆದು, ಅದರ ಮುಂದೆ ‘ಒಂದು ವಿಷಯ’ ಎಂದು ಬರೆದು ಅಳಿಸಿದ್ದಳು. ಕೀಲಾಗರ್ ಅಳಿಸುವಿಕೆಯನ್ನೂ ಬಿಡುವುದಿಲ್ಲ; ಬ್ಯಾಕ್‌ಸ್ಪೇಸ್ ಒತ್ತಿದಷ್ಟು ಸಲವೂ ಆ ಪದವನ್ನೇ ಆವರಣದೊಳಗೆ ಬರೆದಿಡುತ್ತದೆ. ಮತ್ತೆ 11.16ಕ್ಕೆ ‘ಅಪ್ಪ’, ಮತ್ತೆ ಅಳಿಸಿದ್ದು. ಮೂರನೆಯ ಸಲ ವಾಕ್ಯ ಇನ್ನೊಂದಿಷ್ಟು ಮುಂದಕ್ಕೆ ಹೋಗಿ, ‘ನಿಮ್ಮ ಹತ್ತಿರ ಹೇಳೋಕೆ’ ಎಂಬಲ್ಲಿಗೆ ನಿಂತು, ಆಮೇಲೆ ಪುಟದ ತುಂಬ ಬ್ಯಾಕ್‌ಸ್ಪೇಸ್, ಬ್ಯಾಕ್‌ಸ್ಪೇಸ್, ಬ್ಯಾಕ್‌ಸ್ಪೇಸ್. ಅವಳ ಪರದೆಯ ಮೇಲೆ ಆ ಹೊತ್ತಿಗೆ ಉಳಿದದ್ದು ಖಾಲಿ ಹಾಳೆ. ನನ್ನ ಕೈಯಲ್ಲಿದ್ದ ಕಾಗದದ ಮೇಲೆ ಎಲ್ಲವೂ ಇತ್ತು.

ನಾನು ಏನು ಮಾಡಬೇಕಾಗಿತ್ತೆಂದು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಯೋಚಿಸಿದ್ದೇನೆ. ಓದಲು ಬರುವುದಿಲ್ಲ ಎನ್ನಬಹುದಿತ್ತು. ನಿಮ್ಮ ಮಗಳು ಯಾವ ತಪ್ಪನ್ನೂ ಮಾಡುತ್ತಿಲ್ಲ, ಅವಳೊಡನೆ ಕೂತು ಮಾತನಾಡಿ ಎಂದಷ್ಟೇ ಹೇಳಿ ಕಾಗದವನ್ನು ಮಡಚಬಹುದಿತ್ತು. ನಾನು ಎಲ್ಲವನ್ನೂ ಓದಿ ಹೇಳಿದೆ. ಅಳಿಸಿದ ಸಾಲುಗಳನ್ನೂ ಹೇಳಿದೆ. ಆ ಮನುಷ್ಯ ಸ್ಟೂಲಿನ ಮೇಲೆ ಕುಸಿದು ಕುಳಿತರು; ಅವರ ಕಣ್ಣು ತುಂಬಿತ್ತು. ಮಾರನೆಯ ದಿನವೇ ಮಗಳನ್ನು ಮೈಸೂರಿನ ಚರ್ಮರೋಗ ವೈದ್ಯರ ಬಳಿಗೆ ಕರೆದುಕೊಂಡು ಹೋದರಂತೆ. ಆಮೇಲೊಮ್ಮೆ ಬಂದು, “ನೀವು ಅದನ್ನ ಹಾಕಿಕೊಟ್ಟಿದ್ದು ಒಳ್ಳೇದೇ ಆಯ್ತು, ಇಲ್ದಿದ್ರೆ ನಮಗೆ ತಿಳೀತಾನೇ ಇರ್ಲಿಲ್ಲ” ಎಂದು ಕೈಹಿಡಿದು ಹೇಳಿದರು.

ಸ್ಪೈವೇರನ್ನು ಸಮರ್ಥಿಸುವವರ ಅತ್ಯಂತ ಬಲವಾದ ವಾದ ಇದೇ ಆದ್ದರಿಂದ ಅದನ್ನು ಇಲ್ಲಿ ಮುಚ್ಚಿಡದೆ ಬರೆದಿದ್ದೇನೆ. ಆ ತಂದೆ ಕೆಟ್ಟವರಲ್ಲ. ಫಲಿತಾಂಶವೂ, ಹೊರಗಿನಿಂದ ನೋಡಿದರೆ, ಒಳ್ಳೆಯದೇ. ಆದರೆ ಮೂರು ತಿಂಗಳ ನಂತರ ಆ ಹುಡುಗಿ ಕಾಲೇಜಿನ ಯಾವುದೋ ಪ್ರಬಂಧವನ್ನು ಕೈಯಲ್ಲಿ ಬರೆದುಕೊಂಡು ಡಿಟಿಪಿ ಮಾಡಿಸಲು ನನ್ನ ಅಂಗಡಿಗೆ ಬಂದಳು. ಮನೆಯಲ್ಲಿ ಕಂಪ್ಯೂಟರ್ ಇದೆಯಲ್ಲಮ್ಮ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಣ್ಣ, ನಮ್ಮನೆ ಕಂಪ್ಯೂಟ್ರಿಗೆ ಅದನ್ನ ಹಾಕ್ದೋರು ನೀವೇನಾ?” ನಾನು ಹೌದೆಂದೆ. “ಅಳ್ಸಿದ್ದೂ ಬಂದಿತ್ತಾ?” ಎಂದಳು. ಅದಕ್ಕೂ ಹೌದೆಂದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಪ್ರಬಂಧದ ಹಾಳೆಗಳನ್ನು ನನ್ನ ಮೇಜಿನಿಂದ ವಾಪಸ್ಸು ತೆಗೆದುಕೊಂಡು, ಜೋಡಿಸಿಕೊಂಡು, ಹೊರಟುಹೋದಳು.

ಮನುಷ್ಯನಿಗೆ ಖಾಸಗಿತನ ಏಕೆ ಬೇಕೆಂದು ಕೇಳಿದಾಗ ನಮ್ಮಲ್ಲಿ ಥಟ್ಟನೆ ಬರುವ ಮಾತು, ತಪ್ಪು ಮಾಡದವನಿಗೆ ಮುಚ್ಚಿಡಲು ಏನಿರುತ್ತದೆ ಎಂಬುದು. ಆ ಹುಡುಗಿ ಯಾವ ತಪ್ಪು ಮಾಡಿದ್ದಳು? ಮಾತು ನಾಲಿಗೆಗೆ ಬರುವ ಮೊದಲು ಅದನ್ನು ಹತ್ತು ಬಗೆಯಲ್ಲಿ ಬರೆದು, ಅಳಿಸಿ, ಧೈರ್ಯ ಸಾಲದೆ ಬಿಟ್ಟು, ನಾಳೆ ಹೇಳೋಣವೆಂದುಕೊಳ್ಳುವ ಹಕ್ಕು ಅವಳದಾಗಿತ್ತು. ಹೇಳುವ ದಿನವನ್ನು ಆರಿಸಿಕೊಳ್ಳುವುದೂ ಅವಳದೇ ಆಗಬೇಕಿತ್ತು. ನಮ್ಮ ಕಡೆಯ ಮನೆಗಳಲ್ಲಿ ಕೋಣೆಯ ಬಾಗಿಲು ಹಾಕಿಕೊಳ್ಳುವುದೇ ಅನುಮಾನಕ್ಕೆ ಕಾರಣ. ಚಿಲಕದ ಸದ್ದು ಕೇಳಿದರೆ ಅಡುಗೆಮನೆಯಿಂದಲೇ “ಬಾಗಿಲು ಯಾಕೆ ಹಾಕ್ಕೊಂಡೆ” ಎಂಬ ಕೂಗು ಬರುತ್ತದೆ. ಹಜಾರ, ಒಂದು ಕೋಣೆ, ಅಡುಗೆಮನೆಯಷ್ಟೇ ಇರುವ ಮನೆಯಲ್ಲಿ ಐದು ಜನ ಬದುಕುವಾಗ, ನುಡಿಯ ಆ ಖಾಲಿ ಹಾಳೆಯೊಂದೇ ಅವಳಿಗೆ ಸ್ವಂತ ಕೋಣೆಯಾಗಿತ್ತೆಂದು ಈಗ ನನಗೆ ತಿಳಿಯುತ್ತದೆ. ಮೈಮೇಲಿನ ಮಚ್ಚೆಯನ್ನು ವೈದ್ಯರು ಉಪಚರಿಸಿರಬಹುದು. ಆದರೆ ಆ ಕೋಣೆಗೆ ಅವಳು ಮತ್ತೆ ಹೋಗಲಿಲ್ಲ.

ನನ್ನ ಕೈಯಿಂದಾದ ಇನ್ನೊಂದು ಅನಾಹುತವನ್ನು ಆ ಕಾಗದಗಳಲ್ಲೇ ಕಂಡಿದ್ದೆ. ಕೀಲಾಗರ್ ಮಗಳನ್ನು ಮಾತ್ರ ನೋಡುವುದಿಲ್ಲ. ಭಾನುವಾರ ತಂದೆ ಕುಳಿತು ಬ್ಯಾಂಕಿನ ಪುಟ ತೆರೆದಿದ್ದರು. ಅವರ ಬಳಕೆದಾರ ಹೆಸರು, ಗುಪ್ತಪದ ಎರಡೂ ಅಕ್ಷರಶಃ ಅಲ್ಲಿದ್ದವು. ಅಷ್ಟೂ ಮಾಹಿತಿ ಆ ತಂತ್ರಾಂಶವನ್ನು ಮಾರುವ ಕಂಪನಿಯ ಸರ್ವರಿನ ಮೂಲಕ ಹಾದು ಅವರ ಇಮೇಲಿಗೆ ಬಂದಿತ್ತು. ಕಾವಲಿಗೆಂದು ಕರೆತಂದವನ ಕೈಯಲ್ಲಿ ಇಡೀ ಮನೆಯ ಬೀಗದ ಕೈ ಇತ್ತು. ಬೇಹುಗಾರಿಕೆಯ ಆ್ಯಪ್‌ಗಳನ್ನು ಮಾರುವವರು ತಾವು ಕದ್ದು ತಂದದ್ದನ್ನು ಜೋಪಾನ ಮಾಡುತ್ತಾರೆಂಬ ನಂಬಿಕೆಯೂ ಸುಳ್ಳು. ಅಮೆರಿಕದ ಸ್ಪೈಫೋನ್ ಎಂಬ ಕಂಪನಿಯ ಸರ್ವರಿಗೆ 2018ರಲ್ಲಿ ಹ್ಯಾಕರ್ ನುಗ್ಗಿ ಸುಮಾರು 2,200 ಜನರ ಮಾಹಿತಿಯನ್ನು ತೆಗೆದುಕೊಂಡಿದ್ದ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯನ್ನು ಕಣ್ಗಾವಲು ವ್ಯಾಪಾರದಿಂದಲೇ ನಿಷೇಧಿಸಿತು. ಅದೇ ಕಮಿಷನ್ 2012ರಲ್ಲಿ ಹಿಡಿದ ಇನ್ನೊಂದು ಪ್ರಕರಣ ನನ್ನಂಥ ಅಂಗಡಿಯವರು ಓದಿ ನೆನಪಿಡಬೇಕಾದದ್ದು. ಕಂತಿನ ಮೇಲೆ ಕಂಪ್ಯೂಟರ್ ಬಾಡಿಗೆಗೆ ಕೊಡುವ ಅಂಗಡಿಗಳು, ಕಂತು ತಪ್ಪಿದವರನ್ನು ಪತ್ತೆ ಮಾಡಲೆಂದು ಯಂತ್ರಗಳಲ್ಲಿ ಮೊದಲೇ ಒಂದು ತಂತ್ರಾಂಶ ಹಾಕಿಡುತ್ತಿದ್ದವು. ಅದು ಗ್ರಾಹಕರು ಒತ್ತಿದ ಕೀಲಿಗಳನ್ನು ದಾಖಲಿಸುತ್ತಿತ್ತು, ಪರದೆಯ ಚಿತ್ರ ತೆಗೆಯುತ್ತಿತ್ತು, ಸಾಲದೆಂಬಂತೆ ಅವರ ಮನೆಯೊಳಗಿನ ಫೋಟೋಗಳನ್ನು ವೆಬ್‌ಕ್ಯಾಮೆರಾದಿಂದ ಸೆರೆಹಿಡಿಯುತ್ತಿತ್ತು.

2019ರಲ್ಲಿ ಮಂಡ್ಯದ ಅಂಗಡಿ ಮುಚ್ಚಿ ಮೈಸೂರಿಗೆ ಬಂದ ಮೇಲೆ, ಬೆಳಗಿನ ನಡಿಗೆಯಲ್ಲಿ ಆಗಾಗ ನಜರಬಾದಿನ ಅಂಚೆ ತರಬೇತಿ ಕೇಂದ್ರದ ಮುಂದೆ ಹಾದುಹೋಗುತ್ತೇನೆ. ಆಗೆಲ್ಲ ನೆನಪಾಗುವುದು ಮೈಸೂರು ಸಂಸ್ಥಾನದ ಹಳೆಯ ಅಂಚೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ವ್ಯವಸ್ಥಿತವಾಗಿ ರೂಪುಗೊಂಡ ಆ ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾಗುವವರೆಗೂ ನಡೆಯಿತು. ಅದು ಸುದ್ದಿಯನ್ನು ಸಾಗಿಸುವುದರ ಜೊತೆಗೆ ಸುದ್ದಿಯನ್ನು ಸಂಗ್ರಹಿಸುವ ಸಾಧನವೂ ಆಗಿತ್ತು, ಅಂಚೆಯ ಮುಖ್ಯಸ್ಥರು ಅರಮನೆಯ ಆಪ್ತ ವರದಿಗಾರರಾಗಿದ್ದರು, ಕೆಳಗಿನ ನೌಕರರು ಬೇಹುಗಾರರೇ ಆಗಿದ್ದರು ಎಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಓಲೆ ಒಯ್ಯುವವನೇ ಓಲೆಯ ಒಳಗನ್ನು ಅರಮನೆಗೆ ತಲುಪಿಸುವ ಏರ್ಪಾಡು. ಸ್ಪೈವೇರ್ ಅಂದರೂ ಇದೇ. ಹೊರಗಿನಿಂದ ಗೋಡೆ ಹಾರಿ ಬಂದ ಕಳ್ಳನಿಗಿಂತ, ನಮ್ಮ ಕೆಲಸಕ್ಕೆಂದು ನಾವೇ ನಂಬಿ ಇಟ್ಟುಕೊಂಡದ್ದು ಬೇರೊಬ್ಬರ ಊಳಿಗ ಮಾಡುವುದು ಹೆಚ್ಚು ಭಯ ಹುಟ್ಟಿಸುತ್ತದೆ.

ಅರಮನೆಗಳ ಜಾಗಕ್ಕೆ ಸರ್ಕಾರಗಳು ಬಂದ ಮೇಲೆ ಆ ಊಳಿಗಕ್ಕೆ ಎಷ್ಟು ಹಣ ಸುರಿಯಲು ಸಾಧ್ಯವೆಂಬುದನ್ನು ಪೆಗಾಸಸ್ ತೋರಿಸಿತು. ಇಸ್ರೇಲಿನ ಎನ್‌ಎಸ್‌ಒ ಗ್ರೂಪ್ ತಯಾರಿಸಿ ಸರ್ಕಾರಗಳಿಗೆ ಮಾತ್ರ ಮಾರುತ್ತೇನೆಂದು ಹೇಳಿಕೊಳ್ಳುವ ಈ ತಂತ್ರಾಂಶ, ಫೋನಿನ ಒಡೆಯ ಏನನ್ನೂ ಒತ್ತದಿದ್ದರೂ ಒಳಸೇರಬಲ್ಲದು. ವಾಟ್ಸ್‌ಆ್ಯಪ್ ಕರೆಯೊಂದು ಬಂದರೆ ಸಾಕು, ಎತ್ತಬೇಕಾಗಿಯೂ ಇರಲಿಲ್ಲ. 2019ರಲ್ಲಿ ಹಾಗೆ ಸುಮಾರು 1,400 ಫೋನುಗಳನ್ನು ಗುರಿಮಾಡಲಾಗಿತ್ತೆಂದು ವಾಟ್ಸ್‌ಆ್ಯಪ್ ಮೊಕದ್ದಮೆ ಹೂಡಿತು. ನಮ್ಮ ದೇಶದ ಪತ್ರಕರ್ತರ, ರಾಜಕಾರಣಿಗಳ ಸಂಖ್ಯೆಗಳೂ ಪೆಗಾಸಸ್ಸಿನ ಗುರಿಯಾಗಿರಬಹುದಾದವರ ಪಟ್ಟಿಯಲ್ಲಿವೆಯೆಂಬ ವರದಿಗಳು 2021ರ ಜುಲೈಯಲ್ಲಿ ಹೊರಬಂದಾಗ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿಯೊಂದನ್ನು ನೇಮಿಸಿತು. ಪರೀಕ್ಷೆಗೆ ಬಂದ 29 ಫೋನುಗಳ ಪೈಕಿ 5ರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಮಿತಿಗೆ ಸಹಕರಿಸಲಿಲ್ಲವೆಂದು ಮುಖ್ಯ ನ್ಯಾಯಮೂರ್ತಿಗಳು 2022ರ ಆಗಸ್ಟಿನಲ್ಲಿ ತೆರೆದ ನ್ಯಾಯಾಲಯದಲ್ಲಿ ಹೇಳಿದರು.

ಈ ಸುದ್ದಿ ಬಂದ ದಿನಗಳಲ್ಲಿ ಕುವೆಂಪುನಗರದ ನಮ್ಮ ಬೀದಿಯ ಚಹಾ ಅಂಗಡಿಯಲ್ಲಿ ಕೇಳುತ್ತಿದ್ದುದು ಒಂದೇ ಮಾತು: ಅದೆಲ್ಲ ದೊಡ್ಡವರ ವಿಷಯ, ನಮ್ಮ ಫೋನಲ್ಲಿ ಯಾರಿಗೆ ಬೇಕಾದ್ದು ಏನಿದೆ. ಅಂಥವರಿಗೆ ನಾನು ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಹೇಳುತ್ತೇನೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿ ನಿವೃತ್ತರಾದ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಅರ್ಜಿಯಿಂದ ಎದ್ದ ಪ್ರಶ್ನೆಗೆ ಉತ್ತರವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಸಂವಿಧಾನವು ಕೊಟ್ಟ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ದೊಡ್ಡವರಿಗೆ, ಚಿಕ್ಕವರಿಗೆ ಎಂದು ಆ ತೀರ್ಪು ಭೇದ ಮಾಡಿಲ್ಲ. ಅದನ್ನು ಪತ್ರಿಕೆಯಲ್ಲಿ ಓದಿದ ದಿನ ನನಗೆ ನೆನಪಾದದ್ದು ಸರ್ಕಾರವಲ್ಲ, ಆಧಾರ್ ಅಲ್ಲ. ನನ್ನ ಮೇಜಿನಿಂದ ಹಾಳೆಗಳನ್ನು ಜೋಡಿಸಿಕೊಂಡು ಹೊರಟ ಆ ಹುಡುಗಿಯ ಕೈಗಳು.

ಈಗಲೂ ಪರಿಚಯದವರ ಯಂತ್ರಗಳನ್ನು ಮನೆಯಲ್ಲೇ ನೋಡಿಕೊಡುತ್ತೇನೆ. ಈ ಕಾಲದ ಬೇಹುಗಾರರು ಟೂಲ್‌ಬಾರಿನ ವೇಷದಲ್ಲಿ ಬರುವುದಿಲ್ಲ. ನಾನು ಹೆಚ್ಚಾಗಿ ಕಾಣುವುದು ದುಡ್ಡು ಕೊಡದೆ ಹಾಕಿಸಿಕೊಂಡ ವಿಂಡೋಸ್ ಮತ್ತು ಆಫೀಸ್ ಜೊತೆಗೆ ಬಂದವುಗಳನ್ನು. ನಕಲಿ ಪ್ರತಿಯನ್ನು ಅಸಲಿಯೆಂದು ನಂಬಿಸುವ ‘ಆ್ಯಕ್ಟಿವೇಟರ್’ ಎಂಬ ಸಣ್ಣ ಕಡತ ಕೆಲಸ ಮಾಡಬೇಕಾದರೆ ಮೊದಲು ಆಂಟಿವೈರಸ್ ನಿಲ್ಲಿಸಿ ಎಂದು ಕೇಳುತ್ತದೆ. ನಿಲ್ಲಿಸಿದ ಆ ಎರಡು ನಿಮಿಷದಲ್ಲಿ ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನೆಲ್ಲ ಬಾಚಿ ಕಳುಹಿಸುವ ಇನ್ನೊಂದು ತಂತ್ರಾಂಶ ಒಳಗೆ ಕೂರಲು ಸಾಕಷ್ಟು ಸಮಯವಿರುತ್ತದೆ. ಕಾವಲು ನಾಯಿಯನ್ನು ಕಟ್ಟಿಹಾಕಿ ಎಂದು ಹೇಳಿ ಒಳಗೆ ಬರುವವನನ್ನು ನಾವು ಹೊಸಿಲಲ್ಲೇ ತಡೆಯುತ್ತೇವೆ, ಕಂಪ್ಯೂಟರಿನಲ್ಲಿ ಮಾತ್ರ ಹಾಗೆ ಮಾಡುವುದಿಲ್ಲ. ವಾಟ್ಸ್‌ಆ್ಯಪಿನಲ್ಲಿ ಮದುವೆಯ ಕರೆಯೋಲೆ ಎಂಬ ಹೆಸರಿನಲ್ಲಿ, ಸಂಚಾರ ದಂಡದ ನೋಟಿಸ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳದ್ದೂ (ಫೋನಿಗೆ ಆ್ಯಪ್ ಹಾಕುವ ಕಡತಗಳು) ಇದೇ ಕಥೆ. ಅದನ್ನು ತೆರೆದು ಅನುಮತಿ ಕೊಟ್ಟರೆ ಫೋನಿಗೆ ಬರುವ ಒಟಿಪಿ ಸಂದೇಶಗಳು ಬೇರೊಬ್ಬರ ಕೈಸೇರುತ್ತವೆ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಇನ್‌ಸ್ಟಾಲ್ ಮಾಡು ಎಂದು ಕೇಳುವುದಿಲ್ಲ.

ಸೋಂಕಿದ ಯಂತ್ರವನ್ನು ಈಗ ನಾನು ಗುಡಿಸಲು ಹೋಗುವುದಿಲ್ಲ. ಬರಹ, ಫೋಟೋಗಳನ್ನಷ್ಟೇ ಬೇರೆ ಕಡೆ ತೆಗೆದಿಟ್ಟು, ಶುದ್ಧ ಪೆನ್‌ಡ್ರೈವಿನಿಂದ ಆಪರೇಟಿಂಗ್ ಸಿಸ್ಟಂ ಹೊಸದಾಗಿ ಹಾಕುತ್ತೇನೆ. ಗುಪ್ತಪದಗಳನ್ನು ಬದಲಿಸುವುದನ್ನು ಅದೇ ಯಂತ್ರದಲ್ಲಿ, ಸ್ವಚ್ಛವಾಗುವ ಮೊದಲೇ ಮಾಡುವವರೇ ಬಹಳ; ಹಾಗೆ ಮಾಡಿದರೆ ಹೊಸ ಗುಪ್ತಪದವನ್ನೂ ನಾವೇ ಒಪ್ಪಿಸಿದಂತೆ. ನಂಬಿಕೆಯುಳ್ಳ ಬೇರೆ ಸಾಧನದಿಂದ ಬದಲಿಸಬೇಕು, ಮತ್ತು ಎಲ್ಲ ಕಡೆ ತೆರೆದಿರುವ ಲಾಗಿನ್‌ಗಳನ್ನು ಮುಚ್ಚಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿರುವುದರಿಂದ ಹಳೆಯ ಯಂತ್ರದವರಿಗೆ ಲಿನಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿಕೊಡುತ್ತಿದ್ದೇನೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎನ್ನುತ್ತೇನೆ, ಸೈಬರ್ ಅಪರಾಧಗಳನ್ನು ನೋಡುವ ಜಿಲ್ಲೆಯ ಪೊಲೀಸ್ ಠಾಣೆಯ ದಾರಿ ಹೇಳುತ್ತೇನೆ.

ಗಂಡನೋ ಅಣ್ಣನೋ ತನ್ನ ಫೋನಿನಲ್ಲಿ ಏನೋ ಹಾಕಿದ್ದಾರೆಂದು ಅನುಮಾನಪಟ್ಟು ಬರುವ ಹೆಣ್ಣುಮಕ್ಕಳ ವಿಷಯದಲ್ಲಿ ಮಾತ್ರ ನಾನು ಬಹಳ ನಿಧಾನಿಸುತ್ತೇನೆ. ತಕ್ಷಣ ಕಿತ್ತುಹಾಕಿಬಿಟ್ಟರೆ ಹಾಕಿದವನಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಸಾಕ್ಷ್ಯವೂ ಅಳಿದುಹೋಗುತ್ತದೆ, ಮನೆಗೆ ಹಿಂತಿರುಗಿದ ಮೇಲೆ ಅವಳಿಗೆ ಏನು ಕಾದಿದೆಯೋ ಹೇಳಲಾಗದು. ಮೊದಲು ಬೇರೆ ಫೋನಿನಿಂದ ನಂಬಿಕೆಯವರೊಡನೆ ಮಾತನಾಡಿ, ಎಲ್ಲಿರುವುದು ಕ್ಷೇಮವೆಂದು ನಿರ್ಧರಿಸಿಕೊಳ್ಳಿ ಎನ್ನುತ್ತೇನೆ. ಅನುಮತಿಯಿಲ್ಲದೆ ಇನ್ನೊಬ್ಬರ ಯಂತ್ರದಲ್ಲಿ ಇಂಥದ್ದನ್ನು ಸೇರಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೆಯ ಸೆಕ್ಷನ್ನಿಗೆ ಬರುತ್ತದೆ. ವಂಚನೆಯ ಉದ್ದೇಶವಿದ್ದರೆ 66ನೆಯ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದನ್ನು ಅವರಿಗೂ ಹೇಳುತ್ತೇನೆ, ಹಾಕಿಕೊಡಿ ಎಂದು ಕೇಳಿಕೊಂಡು ಬರುವವರಿಗೂ ಹೇಳುತ್ತೇನೆ. ಕೇಳಿಕೊಂಡು ಬರುವವರು ಈಗಲೂ ಇದ್ದಾರೆ. ಅವರ ಮಾತೂ ಬದಲಾಗಿಲ್ಲ: ನಂಬಿಕೆ ಇಲ್ಲ ಅಂತಲ್ಲ, ಕಾಲ ಸರಿಯಿಲ್ಲ ನೋಡಿ.

ಅಂಗಡಿ ಮುಚ್ಚುವ ವಾರ ಹಳೆಯ ಹಾರ್ಡ್‌ಡಿಸ್ಕುಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಾಗ, ಗ್ರಾಹಕರ ಬ್ಯಾಕಪ್ ಇಡುತ್ತಿದ್ದ ಡಿಸ್ಕಿನಲ್ಲಿ ಆ ತಂದೆಯ ಹೆಸರಿನ ಫೋಲ್ಡರ್ ಸಿಕ್ಕಿತು. ಅವರ ಯಂತ್ರವನ್ನು ಎರಡನೆಯ ಸಲ ಅಂಗಡಿಗೆ ತರಿಸಿಕೊಂಡು ಆ ತಂತ್ರಾಂಶವನ್ನು ತೆಗೆದುಹಾಕಿದ ದಿನ, ಅಭ್ಯಾಸದಂತೆ ಎಲ್ಲವನ್ನೂ ಪ್ರತಿ ಮಾಡಿಟ್ಟಿದ್ದೆನಲ್ಲ, ಅದರೊಡನೆ ಆ ಕಡತವೂ ಬಂದು ಕುಳಿತಿತ್ತು. ತೆರೆಯಲಿಲ್ಲ. ಕಡತವನ್ನು ಅಳಿಸಿದೆವೆಂದರೆ ಡಿಸ್ಕಿನ ಪರಿವಿಡಿಯಿಂದ ಅದರ ಹೆಸರು ಹೋಗುತ್ತದೆಯೇ ಹೊರತು ಅಕ್ಷರಗಳು ಅಲ್ಲೇ ಇರುತ್ತವೆ, ಇನ್ನೊಂದು ಮಾಹಿತಿ ಅದರ ಮೇಲೆ ಬಂದು ಕೂರುವವರೆಗೆ ಯಾರು ಬೇಕಾದರೂ ಹೊರತೆಗೆಯಬಹುದು. ಆದ್ದರಿಂದ ಇಡೀ ಡಿಸ್ಕಿನ ಮೇಲೆ ಸೊನ್ನೆಗಳನ್ನು ಬರೆಸಿದೆ. ಅದಕ್ಕೆ ಒಂದು ಸಂಜೆ, ಒಂದು ರಾತ್ರಿ ಹಿಡಿಯಿತು. ಬೆಳಿಗ್ಗೆ ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದು ಡ್ರಿಲ್ಲಿನಿಂದ ಮೂರು ತೂತು ಹಾಕಿಸಿದೆ. ಕನ್ನಡಿಯಂಥ ತಟ್ಟೆಯಿಂದ ಬೆಳ್ಳಿಯ ಬಣ್ಣದ ಚೂರುಗಳು ಸುರುಳಿಯಾಗಿ ಎದ್ದು ನೆಲಕ್ಕೆ ಬಿದ್ದವು.

ಆ ಕೀಲಾಗರ್ ಮಾರುತ್ತಿದ್ದ ಕಂಪನಿಯ ಜಾಲತಾಣವನ್ನು ಅಂದೇ ಮಧ್ಯಾಹ್ನ ಹುಡುಕಿದೆ. ಅದು ಮುಚ್ಚಿಹೋಗಿ ಬಹಳ ಕಾಲವಾಗಿತ್ತು. ಹತ್ತು ದಿನ ಅವರ ಸರ್ವರಿನ ಮೂಲಕ ಹಾದುಹೋದ ಆ ಅಕ್ಷರಗಳನ್ನು ಅಳಿಸಿಕೊಡಿ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.